ಮೂರನೇ ಸೀಟಿನ ತೊಂಬತ್ತೆಂಟು

ಚೇಂಬರಿನೊಳಗೆ ಹೋಗುವವರು ಹೊಟ್ಟೆ ಬಿರಿಯ ತಿಂದಿರಬಾರದು, ಉಪವಾಸವೂ ಇರಬಾರದು. ಶೀತ, ಕಿವಿನೋವು, ನಿದ್ದೆಗೇಡು ಇರಬಾರದು. ಹಿಂದಿನ ದಿನ ಮದ್ಯ ಸೇವಿಸಿದ್ದೀರಾ ಎಂಬ ಪ್ರಶ್ನೆಯೂ ಫಾರಂನಲ್ಲಿದೆ. ಪಾನನಿಷೇಧವಿರುವ ಗುಜರಾತಿನಲ್ಲಿ ಅದಕ್ಕೆ ಎಲ್ಲರೂ ನಗುತ್ತ 'ಇಲ್ಲ' ಎಂದು ಬರೆಯುತ್ತಾರೆ. ಇದನ್ನೆಲ್ಲ ಕೇಳಿ, ನಾಡಿ ನೋಡಿ, ಕಿವಿಯೊಳಗೆ ಬೆಳಕು ಬಿಟ್ಟು, ಕೊನೆಗೆ ಸಹಿ ಹಾಕುವುದು ಕೇಂದ್ರದ ವೈದ್ಯೆಯಾದ ನನ್ನ ಕೆಲಸ. ಆ ಶ್ರಾವಣ ಸೋಮವಾರ ಐದು ಫಾರಂಗಳಿಗೆ ಸಹಿ ಹಾಕಿದೆ. ಅವುಗಳಲ್ಲೊಂದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಬರೀ ಇನ್ನೊಬ್ಬರ ಮೇಲಿನ ದೂರಾಗುತ್ತದೆ.

ನಮ್ಮದು ಅಹಮದಾಬಾದಿನ ಬೋಪಾಲ್ ಬಡಾವಣೆ ದಾಟಿದ ಮೇಲೆ, ಊರಿನ ಅಂಚಿನಲ್ಲಿರುವ ಖಾಸಗಿ ತರಬೇತಿ ಕೇಂದ್ರ. ವಿಮಾನ ನಡೆಸುವವರಿಗೆ ಆಮ್ಲಜನಕ ಕಡಿಮೆಯಾದರೆ ಮೈಮನಸ್ಸು ಹೇಗೆ ಕೈಕೊಡುತ್ತವೆ ಎಂಬುದನ್ನು ನೆಲದ ಮೇಲೇ ತೋರಿಸಿಕೊಡುತ್ತೇವೆ. ದಪ್ಪ ಉಕ್ಕಿನ ಕೋಣೆ, ಒಳಗೆ ಐದು ಸೀಟು. ಪಂಪು ಗಾಳಿಯನ್ನು ಎಳೆದುಕೊಳ್ಳುತ್ತ ಹೋದಂತೆ ಒಳಗಿನ ಗಾಳಿ ಇಪ್ಪತ್ತೈದು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ ತೆಳುವಾಗುತ್ತದೆ. ನಾಲ್ವರು ಪೈಲಟ್‌ಗಳು ಸರದಿಯಂತೆ ಇಬ್ಬಿಬ್ಬರಾಗಿ ಮಾಸ್ಕ್ ತೆಗೆದು ಲೆಕ್ಕ ಮಾಡುತ್ತಾರೆ, ಚಿತ್ರ ಬರೆಯುತ್ತಾರೆ. ಒಬ್ಬರಿಗೆ ತುಟಿ ಜುಮುಗುಡುತ್ತದೆ, ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ವಿನಾಕಾರಣ ಖುಷಿ. ತನ್ನ ಲಕ್ಷಣ ಯಾವುದೆಂದು ಗುರುತಿಸಿ, ಯಾರೂ ಹೇಳದೆ ತಾನೇ ಮಾಸ್ಕ್ ಹಾಕಿಕೊಂಡರೆ ಪಾಸು. ಬೇರೆಯವರು ಹಾಕಬೇಕಾಗಿ ಬಂದರೆ ಅದು ದಾಖಲೆಗೆ ಹೋಗುತ್ತದೆ, ದಾಖಲೆಯಿಂದ ವೈದ್ಯಕೀಯ ಮಂಡಳಿಗೆ ಹೋಗುತ್ತದೆ.

ಐದನೇ ಸೀಟು ನಮ್ಮ ಒಳಗಿನ ವೀಕ್ಷಕನದು. ಅವನು ಉದ್ದಕ್ಕೂ ಮಾಸ್ಕ್ ಹಾಕಿಕೊಂಡೇ ಇರುತ್ತಾನೆ. ಯಾರಾದರೂ ತೂಕಡಿಸಿದರೆ ಅವರ ಮುಖಕ್ಕೆ ಮಾಸ್ಕ್ ಒತ್ತುವುದು ಅವನ ಕೆಲಸ. ಹೊರಗೆ ಕೂತವಳಿಗೆ ಒಳಗಿನ ಕೈ ಅವನೇ.

ಅವನು ರಾಣೆಬೆನ್ನೂರಿನವನು, ನಾನು ಗದಗಿನವಳು. ಬೋಪಾಲಿನಲ್ಲಿ ಎರಡು ಕಟ್ಟಡಗಳಾಚೆ ಅವನ ಬಾಡಿಗೆ ಮನೆ. ಹೆಂಡತಿ ಸೂರತ್‌ನ ಉಧ್ನಾದಲ್ಲಿ ಬ್ಯಾಂಕಿನ ಕೆಲಸದಲ್ಲಿ, ಮಗಳೂ ಅಲ್ಲೇ. ಶನಿವಾರ ರೈಲು ಹತ್ತಿ ಹೋಗಿ ಭಾನುವಾರ ಸಂಜೆ ವಾಪಸು ಬರುತ್ತಿದ್ದ. ಬರುವಾಗ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯಲ್ಲಿ ನಮ್ಮ ಪಾಲು ಇರುತ್ತಿತ್ತು. ಮಗಳು ಅಪ್ಪನೊಂದಿಗೆ ಗುಜರಾತಿಯಲ್ಲೇ ಮಾತಾಡುತ್ತಾಳೆಂದು ನಗುತ್ತ ಹೇಳಿ, ಮುಂದಿನ ಶನಿವಾರದ ಟಿಕೆಟ್ ಹುಡುಕತೊಡಗುತ್ತಿದ್ದ. ಅವನಿಗೆ ಸೂರತ್ ಕಡೆ ಕೆಲಸ ಸಿಗಲೆಂದು ನಾನೂ ಇಬ್ಬರು ಮೂವರ ಹತ್ತಿರ ಬಾಯಿಬಿಟ್ಟು ಕೇಳಿದ್ದೆ. ಕೆಲಸದ ಹೊತ್ತಿನಲ್ಲಿ ನನ್ನನ್ನು 'ಮೇಡಂ' ಎನ್ನುತ್ತಿದ್ದ. ಮನೆಯಲ್ಲಿ 'ಅಕ್ಕಾರ'.

ಮೂರು ವರ್ಷದಲ್ಲಿ ಅವನ ನಾಡಿ ನನಗೆ ಬಾಯಿಪಾಠವಾಗಿತ್ತು. ನಿಧಾನದ ನಾಡಿ, ನಿಮಿಷಕ್ಕೆ ಐವತ್ತನಾಲ್ಕೋ ಐವತ್ತೈದೋ. ಆಗಾಗ ಒಂದು ಬಡಿತ ಬೇಗ ಬಂದು, ಆಮೇಲೆ ಕೊಂಚ ತಡೆ. ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ತಪ್ಪಿ ಸಾವರಿಸಿಕೊಂಡ ಹಾಗೆ. ಮೊದಲ ಸಲ ಕಂಡಾಗ ಗಂಡ ಹೆಂಡತಿ ಇಬ್ಬರೂ ಹೆದರಿದ್ದರು. ನಾನೇ ಹೃದಯ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಎಲ್ಲ ಪರೀಕ್ಷೆ ಮಾಡಿಸಿ, ಅಪಾಯವಿಲ್ಲವೆಂದು ಸಮಾಧಾನ ಹೇಳಿಸಿದ್ದೆ.

ಆ ಭಾನುವಾರ ಸಂಜೆ ಅವನ ಹೆಂಡತಿಯ ಫೋನು ಬಂತು. "ಅಕ್ಕಾರ, ನಾಳೆ ಇವರ್ದು ಸೋಮವಾರದ ಉಪವಾಸ ಐತ್ರಿ. ನಾಳೆ ಕೆಲಸ ಐತಿ, ಬ್ಯಾಡ ಅಂದ್ರ ಕೇಳೂದಿಲ್ಲ. ನೀವ ಸ್ವಲ್ಪ ನೋಡ್ಕೋರಿ."

ಸೋಮವಾರ ಬೆಳಿಗ್ಗೆ ಅವನ ಫಾರಂನಲ್ಲಿ 'ಉಪಾಹಾರ ಆಗಿದೆ' ಎಂಬಲ್ಲಿ ಗುರುತು ಬಿದ್ದಿತ್ತು.

"ಏನ್ ತಿಂದೀಯೋ ತಮ್ಮಾ?" ಎಂದೆ.

ಅವನು ಸಿಕ್ಕಿಬಿದ್ದ ಹುಡುಗನಂತೆ ನಕ್ಕ. "ನಿಮಗ ಫೋನ್ ಬಂದಿರಬೇಕಲ್ರೀ."

ನಿಯಮದ ಪ್ರಕಾರ ಅವನನ್ನು ಹೊರಗಿಡಬೇಕಿತ್ತು. ಹೊರಗಿಟ್ಟರೆ ಬದಲಿ ವೀಕ್ಷಕ ಇರಲಿಲ್ಲ, ಸೂರತ್‌ನಿಂದ ನಸುಕಿನಲ್ಲೇ ಹೊರಟು ಬಂದಿದ್ದ ನಾಲ್ವರು ಪೈಲಟ್‌ಗಳು ವಾಪಸು ಹೋಗಬೇಕಾಗುತ್ತಿತ್ತು. ನನ್ನ ಕೋಣೆಗೆ ಕರೆದು ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಕೊಟ್ಟೆ. ಉಪವಾಸಕ್ಕೆ ನಡೆಯುತ್ತದಲ್ಲ. ತಿಂದ. ಸಹಿ ಹಾಕಿದೆ.

ಇನ್ನು ನಮ್ಮ ಒಂದು ರೂಢಿಯ ಬಗ್ಗೆ ಹೇಳಬೇಕು. ಐವರ ಬೆರಳಿಗೂ ಕ್ಲಿಪ್ ಇರುತ್ತದೆ, ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಅದು ಹೇಳುತ್ತದೆ, ನಾಡಿಯ ಅಲೆಯನ್ನೂ ಪರದೆಯ ಮೇಲೆ ಬರೆಯುತ್ತದೆ. ಪರದೆಯಲ್ಲಿ ಐದು ಸಾಲಿಗೆ ಜಾಗವಿದ್ದರೂ ನಾಲ್ಕನ್ನೇ ದೊಡ್ಡದಾಗಿ ನೋಡುತ್ತಿದ್ದೆವು. ಐದನೆಯದು ವೀಕ್ಷಕನದು. ಅವನು ಮಾಸ್ಕಿನಲ್ಲೇ ಇರುವವನು, ನಮ್ಮವನು, ಅವನನ್ನೇನು ನೋಡುವುದು ಎಂದು ಆ ಸಾಲನ್ನು ಮಡಚಿಡುತ್ತಿದ್ದೆವು. ಅದು ದಾಖಲಾಗುತ್ತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ವಾರದಲ್ಲಿ ಎರಡು ದಿನ ಬರುವ ಇನ್ನೊಬ್ಬ ವೈದ್ಯರು ಮಾತ್ರ ಐದನ್ನೂ ಬಿಡಿಸಿಟ್ಟುಕೊಳ್ಳುತ್ತಿದ್ದರು. ಅವರನ್ನು ಅನುಮಾನದ ಪ್ರಾಣಿ ಎಂದು ನಾವು ಗೇಲಿ ಮಾಡುತ್ತಿದ್ದೆವು, ಅದರಲ್ಲಿ ನನ್ನ ದನಿಯೇ ಜೋರು.

ಅವತ್ತು ನಾನೂ ಐದನೆಯದನ್ನು ಬಿಡಿಸಿದೆ. ಹಾಲು, ಬಾಳೆಹಣ್ಣು ಸಾಕಾಗದೆ ಅವನಿಗೆ ತಲೆ ಸುತ್ತಿದರೆ ಎಂಬ ಚಿಂತೆಗೆ. ಬೇರೆ ಯಾವ ಕಾರಣವೂ ಇರಲಿಲ್ಲ.

ಐದು ಸಾವಿರ ಅಡಿಗೆ ಏರಿಸಿ ಇಳಿಸಿದೆವು, ಎಲ್ಲರ ಕಿವಿಯೂ ಸರಿಯಿತ್ತು. ಮೂವತ್ತು ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸಿದೆವು, ರಕ್ತದ ಸಾರಜನಕ ತೊಳೆದುಹೋಗಲೆಂದು. ಆಮೇಲೆ ಇಪ್ಪತ್ತೈದು ಸಾವಿರಕ್ಕೆ ಏರಿಸಿದೆವು. ಒಂದು ಮತ್ತು ಎರಡನೇ ಸೀಟಿನವರು ಮಾಸ್ಕ್ ತೆಗೆದರು, ಮೂರು ನಿಮಿಷದೊಳಗೆ ತಾವೇ ಹಾಕಿಕೊಂಡರು. ಚೊಕ್ಕ ಕೆಲಸ.

ಮೂರನೇ ಸೀಟಿನಲ್ಲಿ ಸೂರತ್‌ನ ಒಂದು ಬಾಡಿಗೆ ವಿಮಾನ ಕಂಪನಿಯ ಮುಖ್ಯ ಪೈಲಟ್ ಇದ್ದರು. ಐವತ್ತು ದಾಟಿದ, ಗಟ್ಟಿ ದನಿಯ ಕ್ಯಾಪ್ಟನ್. ನಾಲ್ಕನೆಯದರಲ್ಲಿ ಅದೇ ಕಂಪನಿಯ ಸಹ ಪೈಲಟ್, ಇಪ್ಪತ್ತಾರರ ಹೆಣ್ಣುಮಗಳು. ಇಬ್ಬರೂ ಮಾಸ್ಕ್ ತೆಗೆದರು. ನಾನು ಗಡಿಯಾರ ಒತ್ತಿದೆ.

ಅವಳ ಅಂಕಿ ಇಳಿಯಬೇಕಾದ ಹಾಗೆ ಇಳಿಯಿತು. ತೊಂಬತ್ತು, ಎಂಬತ್ತನಾಲ್ಕು, ಎಪ್ಪತ್ತೇಳು. ಕ್ಯಾಪ್ಟನ್ನರದು ತೊಂಬತ್ತೆಂಟು. ಒಂದು ನಿಮಿಷವಾದರೂ ತೊಂಬತ್ತೆಂಟು. ಕ್ಲಿಪ್ ತಪ್ಪು ತೋರಿಸುವುದು ಹೊಸದಲ್ಲ. ತಣ್ಣಗಿನ ಬೆರಳಿಗೆ, ಉಗುರಿನ ಬಣ್ಣಕ್ಕೆ ಅದು ದಾರಿತಪ್ಪುತ್ತದೆ. ಆದರೆ ಆಗ ಅಲೆ ಹರಿದುಹೋಗುತ್ತದೆ. ಇಲ್ಲಿ ಅಲೆ ದುಂಡಗೆ, ಸೊಗಸಾಗಿ ಬರುತ್ತಿತ್ತು. ಕ್ಯಾಮೆರಾ ನೋಡಿದೆ. ವೀಕ್ಷಕ ಎದ್ದು ನಿಂತಿದ್ದ, ಅವನ ಬೆನ್ನು ಕ್ಯಾಪ್ಟನ್ನರ ತೊಡೆಯನ್ನೂ ಕೈಯನ್ನೂ ಮರೆಮಾಡಿತ್ತು.

ನಮ್ಮ ಮೈಕಿನ ಭಾಷೆ ಇಂಗ್ಲಿಷ್. ಬೇರೆ ಭಾಷೆ ಬಳಸುವ ಹಾಗಿಲ್ಲ, ಎಲ್ಲವೂ ದಾಖಲಾಗುತ್ತದೆ. "ಕ್ಯಾಪ್ಟನ್, ನೂರರಿಂದ ಏಳೇಳು ಕಳೆಯುತ್ತ ಹೋಗಿ" ಎಂದೆ.

"ತೊಂಬತ್ತಮೂರು. ಎಂಬತ್ತಾರು. ಎಂಬತ್ತಾರು..." ನಕ್ಕರು. "ಎಂಬತ್ತಾರು."

ಆಗ ನನ್ನ ಕಣ್ಣು ಮೂರನೇ ಸಾಲಿನಿಂದ ಐದನೇ ಸಾಲಿಗೆ ಹೋಯಿತು. ಐದರಲ್ಲಿ ಒಂದು ಬಡಿತ ಬೇಗ ಬಂದು, ತಡೆಯಿತು. ಮೂರರಲ್ಲೂ ಬೇಗ ಬಂದು, ತಡೆಯಿತು. ಅದೇ ಕ್ಷಣಕ್ಕೆ. ಇದೆಂಥ ಕಾಕತಾಳೀಯ ಎಂದುಕೊಳ್ಳುವಷ್ಟರಲ್ಲಿ ಮತ್ತೊಂದು ಸಲ ಎರಡೂ ಸಾಲು ಒಟ್ಟಿಗೇ ಮೆಟ್ಟಿಲು ತಪ್ಪಿದವು. ಐವತ್ತನಾಲ್ಕು, ಐವತ್ತನಾಲ್ಕು. ಕ್ಯಾಪ್ಟನ್ನರ ಕ್ಲಿಪ್ ಅವರ ಬೆರಳಿನಲ್ಲಿರಲಿಲ್ಲ. ಅದನ್ನು ಅವನು ತನ್ನ ಇನ್ನೊಂದು ಬೆರಳಿಗೆ ಸಿಕ್ಕಿಸಿಕೊಂಡಿದ್ದ.

ಮೂರನೇ ಸೀಟಿನಲ್ಲಿ ಕೂತಿದ್ದ ಮನುಷ್ಯನ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲೇ ನಿಂತಿದ್ದ ವೀಕ್ಷಕನಿಗೂ ಗೊತ್ತಿರಲಿಲ್ಲ. ಎರಡು ನಿಮಿಷ ಹತ್ತು ಸೆಕೆಂಡಾಗಿತ್ತು.

"ಮೂರನೇ ಸೀಟು, ಮಾಸ್ಕ್" ಎಂದೆ.

ಕ್ಯಾಪ್ಟನ್ ಹೆಬ್ಬೆರಳೆತ್ತಿ ತೋರಿಸಿದರು. ವೀಕ್ಷಕ ಇಂಗ್ಲಿಷಿನಲ್ಲೇ ಹೇಳಿದ, "ಮೇಡಂ, ತೊಂಬತ್ತೆಂಟಿದೆ. ಮುಂದುವರಿಸಬಹುದು."

"ವೀಕ್ಷಕ, ಮೂರನೇ ಸೀಟಿಗೆ ಮಾಸ್ಕ್ ಹಾಕು. ಈಗಲೇ."

ಒಂದು ಗಳಿಗೆ ಮೈಕಿನಲ್ಲಿ ಬರೀ ಅವನ ಉಸಿರು. ಆಮೇಲೆ ಕನ್ನಡ ಬಂತು. "ಅಕ್ಕಾರ, ಅರ್ಧ ನಿಮಿಷ ಬಿಡ್ರಿ. ಅವರ ತಾವ ಹಾಕ್ಕೊಂತಾರ. ನಿಮ್ ಕಾಲಿಗ್ ಬೀಳ್ತೀನ್ರಿ."

ಕಂಟ್ರೋಲ್ ಕೋಣೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಅವನಿಗೆ ಅದು ಚೆನ್ನಾಗಿ ಗೊತ್ತು. ಇವತ್ತಿಗೂ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಅದಕ್ಕೇ. ನಮ್ಮ ಮನೆಯ ಮಾತನ್ನು ಅವನು ಕಳ್ಳಬಾಗಿಲು ಮಾಡಿಕೊಂಡ. ಎಲ್ಲರೆದುರೇ ನನ್ನನ್ನು ಅದರೊಳಗೆ ಎಳೆದುಕೊಂಡ, ಯಾರಿಗೂ ತಿಳಿಯಲಿಲ್ಲ.

ನನ್ನ ಪಕ್ಕದಲ್ಲಿ ಪಂಪಿನ ವಾಲ್ವ್ ನೋಡಿಕೊಳ್ಳುವ ಹಿರಿಯರು ಕೂತಿದ್ದರು, ಎಲ್ಲರಿಗೂ ಅವರು ಕಾಕಾ. "ಇಳಿಸಿ" ಎಂದೆ. ಅವರು ಪರದೆಗೆ ಬೆರಳು ತೋರಿಸಿದರು. "ಬೆನ್, ಅಠ್ಠಾಣು ಛೇ ನೇ!" ತೊಂಬತ್ತೆಂಟಿದೆಯಲ್ಲ ತಂಗೀ ಎಂದು.

"ಆ ಅಠ್ಠಾಣು ಅವರದಲ್ಲ, ಕಾಕಾ. ಇಳಿಸಿ."

ಕಾಕಾ ಇಳಿಸತೊಡಗಿದರು. ಆದರೆ ದಬಕ್ಕನೆ ಇಳಿಸಿದರೆ ಐವರ ಕಿವಿಯೂ ಹೋಗುತ್ತದೆ, ನಿಧಾನ ಇಳಿಸಿದರೆ ಕ್ಯಾಪ್ಟನ್ನರಿಗೆ ಹೊತ್ತಿಲ್ಲ. ಮಾಸ್ಕೇ ಬೇಕು. ಅಷ್ಟರಲ್ಲಿ ಅವರ ಪೆನ್ಸಿಲು ಕೆಳಗೆ ಬಿತ್ತು. ಗದ್ದ ಎದೆಗೆ ತಾಗಿತು. ವೀಕ್ಷಕ ಎರಡು ಕ್ಲಿಪ್ಪಿನ ಕೈಯನ್ನು ಎದೆಗೆ ಅವುಚಿಕೊಂಡು, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದ. ಮಾಸ್ಕಿನತ್ತ ಕೈ ಚಾಚಿದರೆ ಅದು ಕ್ಯಾಮೆರಾಕ್ಕೆ ಕಾಣುತ್ತದೆ. ಅವನು ಕಲ್ಲಾಗಿ ನಿಂತಿದ್ದನೋ, ಇನ್ನೂ ಲೆಕ್ಕ ಹಾಕುತ್ತಿದ್ದನೋ, ಗೊತ್ತಿಲ್ಲ.

ಒಳಗಿನ ವೀಕ್ಷಕನನ್ನು ಬಿಟ್ಟು ತರಬೇತಿಗೆ ಬಂದವರಿಗೆ ಇಂಥ ಕೆಲಸ ಹೇಳುವುದು ನಮ್ಮ ಕ್ರಮದಲ್ಲೇ ಇಲ್ಲ. ಹೇಳಿದ ಕ್ಷಣವೇ ಅವನ ಕತೆ ಮುಗಿಯುತ್ತದೆಂದೂ ಗೊತ್ತಿತ್ತು. ಸಹ ಪೈಲಟ್ ಆಗಷ್ಟೇ ತುಟಿ ಜುಮುಗುಟ್ಟಿದ್ದನ್ನು ಗುರುತಿಸಿ ತಾನೇ ಮಾಸ್ಕ್ ಹಾಕಿಕೊಂಡಿದ್ದಳು. ಅವಳ ಅಂಕಿ ಏರುತ್ತಿತ್ತು. ಅದು ತೊಂಬತ್ತು ದಾಟುವವರೆಗೆ ಕಾದೆ. ಅಷ್ಟು ಉದ್ದದ ಕೆಲವು ಸೆಕೆಂಡುಗಳನ್ನು ನಾನು ಬೇರೆಲ್ಲೂ ಕಳೆದಿಲ್ಲ.

"ನಾಲ್ಕನೇ ಸೀಟು, ಮೂರನೆಯವರ ಮಾಸ್ಕ್ ಹಾಕಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ವೀಕ್ಷಕ, ನಿನ್ನ ಸೀಟಿನಲ್ಲಿ ಕೂರು."

ಆ ಹುಡುಗಿ ತಟ್ಟನೆ ಬಾಗಿ ಮಾಸ್ಕ್ ಒತ್ತಿದಳು. ವೀಕ್ಷಕ ಕೂತ. ಮೂರನೇ ಸಾಲು ಚಪ್ಪಟೆಯಾಯಿತು, ಅವನು ಕ್ಲಿಪ್ ಕಿತ್ತಿದ್ದ. ಅದನ್ನು ಕ್ಯಾಪ್ಟನ್ನರ ಬೆರಳಿಗೆ ಸಿಕ್ಕಿಸಲು ಅವಳಿಗೇ ಹೇಳಿದೆ. ಆ ದಿನದಲ್ಲಿ ಅವರ ಮೊದಲ ನಿಜವಾದ ಅಂಕಿ ಪರದೆಗೆ ಬಂತು, ಐವತ್ತಾರು. ನಾಡಿ ನೂರಮೂವತ್ತು, ಒಂದಕ್ಕೊಂದು ತಾಳವಿಲ್ಲ. ಐವತ್ತಾರು ಎಪ್ಪತ್ತಾಯಿತು, ಎಂಬತ್ತೊಂಬತ್ತಾಯಿತು. ಕ್ಯಾಪ್ಟನ್ ತಲೆ ಎತ್ತಿ ಸುತ್ತ ನೋಡಿದರು.

ನೆಲಕ್ಕೆ ಬಂದು ಬಾಗಿಲು ತೆರೆದಾಗ ಅವರು ನನ್ನ ಮೇಲೆ ರೇಗಿದರು. "ನಾನು ಚೆನ್ನಾಗೇ ಇದ್ದೆ. ಯಾಕೆ ನಿಲ್ಲಿಸಿದಿರಿ?" ಅವರಿಗೆ ನೆನಪೇ ಇರಲಿಲ್ಲ. ಆಮ್ಲಜನಕ ಕಡಿಮೆಯಾದವರು ಹೀಗೇ ಹೇಳುತ್ತಾರೆ. ಆಂಬುಲೆನ್ಸಿನಲ್ಲಿ ಹೃದಯದ ಆಸ್ಪತ್ರೆಗೆ ಕಳಿಸಿದೆ. ನಾಡಿ ಇನ್ನೂ ತಾಳಕ್ಕೆ ಬಂದಿರಲಿಲ್ಲ.

ವೀಕ್ಷಕ ಮಾಸ್ಕ್ ತೊಳೆಯುವ ಕೋಣೆಯಲ್ಲಿದ್ದ, ನಲ್ಲಿ ಬಿಟ್ಟುಕೊಂಡು. ನಾನು ನಲ್ಲಿ ನಿಲ್ಲಿಸಿದೆ.

"ಯಾಕೋ?"

"ಹೋದ ಸಲದ ತರಬೇತಿಯಾಗ ಅವರಿಗೆ ಬ್ಯಾರೆಯವರು ಮಾಸ್ಕ್ ಹಾಕಬೇಕಾತಂತ್ರಿ, ಬ್ಯಾರೆ ಊರಾಗ. ಈ ಸಲಾನೂ ಹಂಗಾದ್ರ ಹಾರಾಟ ಮುಗೀತು ಅಂದ್ರು. ತಮ್ಮ ಕಂಪನಿಯಾಗ ಸುರಕ್ಷತೆ ವಿಭಾಗದಾಗ ಕೆಲಸ ಕೊಡ್ತೀನಿ ಅಂದ್ರು, ಸೂರತ್‌ನ್ಯಾಗ. ಎರಡು ನಿಮಿಷಕ್ಕ ನಾನ ಮಾಸ್ಕ್ ಹಾಕ್ಕೊಂತೀನಿ ಅಂತ ಮಾತು ಕೊಟ್ಟಿದ್ರು."

"ಆ ಎತ್ತರದಾಗ ಯಾರ ಮಾತು ಯಾರಿಗೆ ನೆನಪಿರ್ತೈತೋ? ಮೂರು ವರ್ಷ ಅದನ್ನ ಕಲಿಸಿದವ ನೀನು."

ಅವನು ಅಳತೊಡಗಿದ. ಮಗಳ ಹೆಸರು ಹೇಳಿದ. "ಇದ ಮೊದಲನೇ ಸಲ ಹೌದಲ್ಲೋ?" ಎಂದೆ.

"ನಿಮ್ಮಾಣೆರೀ ಅಕ್ಕಾರ. ಇದ ಮೊದಲು, ಇದ ಕಡೀದು."

ಸಂಜೆ ಮನೆಯಲ್ಲಿ ಕೂತು ವರದಿಯ ಕರಡು ಬರೆದೆ. 'ಮೂರನೇ ಸೀಟಿನ ಕ್ಲಿಪ್ ಸಡಿಲಗೊಂಡು ತಪ್ಪು ಅಂಕಿ ತೋರಿಸಿತು.' ಹೌದು, ಬರೆದೆ. ಕ್ಯಾಪ್ಟನ್ನರ ಹೃದಯದ ತೊಂದರೆ ಹೇಗೂ ಆಸ್ಪತ್ರೆಯ ದಾಖಲೆಗೆ ಬಂದಿದೆ, ಅವರಿನ್ನು ಹಾರುವುದಿಲ್ಲ, ಇವನೊಬ್ಬನ ಬದುಕನ್ನು ಯಾಕೆ ಹಾಳು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬರೆದು ಮುಗಿಸುವ ಹೊತ್ತಿಗೆ ಅವನ ಹೆಂಡತಿ ಫೋನು ಮಾಡಿದಳು. "ಇವರು ಫೋನ್ ಎತ್ತವಲ್ರು. ಏನರ ತಿಂದ್ರೇನ್ರಿ ಅಕ್ಕಾರ?" ಹಾಲು, ಬಾಳೆಹಣ್ಣು ತಿಂದನೆಂದು ಹೇಳಿದೆ. ಅವಳು ನೂರು ಸಲ ಉಪಕಾರ ಹೇಳಿದಳು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋದವಳು ಕರಡನ್ನು ಕಳಿಸಲಿಲ್ಲ. ಹಳೆಯ ದಾಖಲೆ ತೆಗೆದೆ. ಅವನ ಆಣೆಯನ್ನು ನಂಬಲಿಲ್ಲವೆಂದಲ್ಲ. ನಂಬಿದ್ದೆ, ಅದು ನಿಜವೆಂದು ಕಣ್ಣಾರೆ ನೋಡಿ ಹಗುರಾಗಬೇಕಿತ್ತು. ಆ ಕಂಪನಿಯಿಂದ ಬಂದ ಪ್ರತಿಯೊಬ್ಬರದನ್ನೂ ತೆರೆದು, ಪಕ್ಕದಲ್ಲಿ ಮಡಚಿಟ್ಟಿದ್ದ ಐದನೇ ಸಾಲನ್ನು ಬಿಡಿಸಿ ಇಟ್ಟೆ.

ಮೊದಲ ಆರು ಸರಿಯಿದ್ದವು. ಏಳನೆಯದರಲ್ಲಿ ಎರಡು ಸಾಲೂ ಒಟ್ಟಿಗೆ ಮೆಟ್ಟಿಲು ತಪ್ಪಿದವು. ಅಲ್ಲಿಂದ ಮೂರು ವಾರ ಮುಂದೆ ಹೋದರೆ ಇನ್ನೊಂದು. ಈ ಎರಡರಲ್ಲಿ ಅಂಕಿ ಪೂರ್ತಿ ತೊಂಬತ್ತೆಂಟಕ್ಕೆ ನಿಂತಿರಲಿಲ್ಲ, ಜಾಣತನ ಮಾಡಿದ್ದ. ಮೊದಲ ಒಂದೂವರೆ ನಿಮಿಷ ಪೈಲಟ್‌ನ ಬೆರಳು, ಅಂಕಿ ಎಂಬತ್ತಕ್ಕಿಳಿದ ಮೇಲೆ ತನ್ನ ಬೆರಳು. ಅಂಕಿ ಮತ್ತೆ ಏರುತ್ತದೆ, ಮಾಸ್ಕ್ ಹಾಕಿದ ಕೈ ಯಾರದೆಂಬುದನ್ನು ಅವನ ಬೆನ್ನು ಮರೆಮಾಡಿರಬೇಕು. ನೋಡುವವರಿಗೆ ಪೈಲಟ್ ಸಕಾಲಕ್ಕೆ ತಾನೇ ಮಾಸ್ಕ್ ಹಾಕಿಕೊಂಡಂತೆ. ಎರಡೂ ಪಾಸು. ಎರಡರ ಕೆಳಗೂ ನನ್ನ ಸಹಿ.

ಇನ್ನೊಬ್ಬ ವೈದ್ಯರ ದಿನಗಳನ್ನೂ ತೆಗೆದು ನೋಡಿದೆ. ಒಂದೂ ಇರಲಿಲ್ಲ. ಅನುಮಾನದ ಪ್ರಾಣಿಯ ಮುಂದೆ ಅವನು ಆ ಕೆಲಸಕ್ಕೆ ಕೈಹಾಕಿರಲಿಲ್ಲ. ನಾನು ಕೂರುವ ದಿನ ನೋಡಿಯೇ ಮಾಡಿದ್ದ. ರೊಟ್ಟಿ ತಂದುಕೊಟ್ಟು, ನಮ್ಮ ಮನೆಯಲ್ಲಿ ಉಂಡು, ನನ್ನ ಕಣ್ಣು ಎಲ್ಲಿ ಬೀಳುವುದಿಲ್ಲ ಎಂದು ಅಳೆದುಕೊಂಡಿದ್ದ. ಇವಳು ನನ್ನನ್ನು ನೋಡುವುದಿಲ್ಲ, ಯಾಕೆಂದರೆ ನಂಬುತ್ತಾಳೆ. ಅಷ್ಟೇ ಲೆಕ್ಕ. ಮೈಯೆಲ್ಲ ಉರಿಯಿತು. ಆಮೇಲೆ ನಾಚಿಕೆಯಾಯಿತು, ಅದು ಸಿಟ್ಟಿಗಿಂತ ಹೆಚ್ಚು ಹೊತ್ತು ಉಳಿಯಿತು. ಆ ಇಬ್ಬರು ಪೈಲಟ್‌ಗಳು ಇವತ್ತೂ ಯಾರನ್ನೋ ಕೂರಿಸಿಕೊಂಡು ಹಾರುತ್ತಿದ್ದಾರೆ, ನನ್ನ ಸಹಿಯ ಬಲದ ಮೇಲೆ.

ಕರಡನ್ನು ಅಳಿಸಿದೆ. ಮೂವರ ದಾಖಲೆ, ನನ್ನ ಎರಡು ಸಹಿ, ಐದನೇ ಸಾಲು ಮಡಚಿಡುವ ರೂಢಿ, ಸೋಮವಾರದ ಸುಳ್ಳು ಫಾರಂ, ಹಾಲು, ಬಾಳೆಹಣ್ಣು ಎಲ್ಲವನ್ನೂ ಬರೆದು ಮಧ್ಯಾಹ್ನದೊಳಗೆ ಕಳಿಸಿದೆ. ಆ ಇಬ್ಬರನ್ನು ಹಾರಾಟದಿಂದ ತಡೆದು ಮತ್ತೆ ಪರೀಕ್ಷಿಸಬೇಕೆಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಸಂಜೆಯ ಹೊತ್ತಿಗೆ ತಡೆದರು.

ವಿಚಾರಣೆ ನಡೆದದ್ದು ವಡೋದರಾದ ಮುಖ್ಯ ಕಚೇರಿಯಲ್ಲಿ. ನಾನು ಅಹಮದಾಬಾದಿನಿಂದ ರೈಲಿನಲ್ಲಿ ಹೋದೆ, ಅವನು ಸೂರತ್ ಕಡೆಯಿಂದ ಬಂದ. ಮೇಜಿನ ಆಚೆ ಕೂತು ನೆಲ ನೋಡುತ್ತಿದ್ದ. ಗಡ್ಡ ಬಿಟ್ಟಿದ್ದ. ಮೂವರು ಅಧಿಕಾರಿಗಳು, ಒಬ್ಬರು ಟೈಪ್ ಮಾಡುವವರು. ನನಗೆ ಆರು ತಿಂಗಳು ಸಹಿಯ ಅಧಿಕಾರವಿಲ್ಲವೆಂದು ಮೊದಲೇ ಓದಿ ಹೇಳಿದರು. ಒಪ್ಪಿದೆ, ಕಡಿಮೆಯೇ ಆಯಿತು ಅನ್ನಿಸಿತು.

ಆಮೇಲೆ ಮೈಕಿನ ದಾಖಲೆ ಹಾಕಿದರು. ಇಂಗ್ಲಿಷ್ ಮುಗಿದು ಅವನ ಉಸಿರು, ಅದರ ಹಿಂದೆ ಕನ್ನಡ. ಅಧ್ಯಕ್ಷರು ನಿಲ್ಲಿಸಿದರು. "ಇದು ನಮಗೆ ಅರ್ಥವಾಗಲಿಲ್ಲ. ಇಲ್ಲಿ ಈ ಭಾಷೆ ಬರುವವರು ನೀವಿಬ್ಬರೇ. ನೀವೇ ಅನುವಾದಿಸಿ, ಡಾಕ್ಟರ್."

ಮತ್ತೆ ಹಾಕಿದರು. ನಾನು ಒಂದೊಂದೇ ಮಾತಾಗಿ ಹೇಳಿದೆ. ಅರ್ಧ ನಿಮಿಷ ಬಿಡಿ. ಅವರೇ ಹಾಕಿಕೊಳ್ಳುತ್ತಾರೆ. ನಿಮ್ಮ ಕಾಲಿಗೆ ಬೀಳುತ್ತೇನೆ.

"ಶುರುವಿನಲ್ಲಿ ಒಂದು ಮಾತಿದೆಯಲ್ಲ, ಅದನ್ನು ಬಿಟ್ಟಿರಿ."

"ಅಕ್ಕ" ಎಂದೆ. "ಒಡಹುಟ್ಟಿದ ದೊಡ್ಡವಳು ಎಂದು."

ಅಧ್ಯಕ್ಷರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. "ಇದು ಫೈಲಿನಲ್ಲಿ ಎಲ್ಲೂ ಇಲ್ಲವಲ್ಲ. ನಿಮಗೂ ಇವರಿಗೂ ಸಂಬಂಧವೇ?"

ಅವನು ಆವತ್ತು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

"ಇಲ್ಲ ಸರ್" ಎಂದೆ.

ಟೈಪ್ ಮಾಡುವವರು ಅದನ್ನೂ ಬರೆದುಕೊಂಡರು.